ಮೋಡದ ಮೇಲೊಂದು ತೆಳು ಪದರ

“ಬಿಳೀ ಪೆಟ್ಟಿಗೆ… ಇಲ್ಲಿ ಬಿದ್ದಿದೆಯಂತೆ… ಎಲ್ಲಿದೆ?”

ಮೆಟ್ಟಿಲು ಹತ್ತಿ ಬಂದವನ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಕೇಳಿದ್ದು ಹರಕುಮುರುಕು ಗುಜರಾತಿಯಲ್ಲಿ. ಅಂಗಿ ಅರ್ಧ ಒದ್ದೆ, ಪ್ಯಾಂಟಿನ ಅಂಚಿಗೆಲ್ಲ ಕೆಸರು.

ಊರ್ಮಿಳಾ ಟೆರೇಸಿನ ಗೋಡೆಗೆ ಬೆನ್ನು ಕೊಟ್ಟು, ಸಾಂಬಾರಿನ ಸೌಟನ್ನು ಗದೆಯಂತೆ ಹಿಡಿದು ನಿಂತಿದ್ದಳು.

“ಮುಂದೆ ಬರಬೇಡಿ. ಅದು ಬಾಂಬು.” ಅವಳ ಗುಜರಾತಿ ಸ್ಪಷ್ಟವಾಗಿತ್ತು, ಧ್ವನಿ ಮಾತ್ರ ನಡುಗುತ್ತಿತ್ತು. “ನಮ್ಮ ಹುಡುಗರು ಪೊಲೀಸರಿಗೆ ಹೇಳಲು ಹೋಗಿದ್ದಾರೆ.”

“ಬಾಂಬಾ? ಈಗ ಎಲ್ಲಿದೆ ಅದು?”

ಅವಳು ಸೌಟಿನಿಂದಲೇ ತೋರಿಸಿದಳು. ಇಡ್ಲಿಗೆ ಅಕ್ಕಿ ನೆನೆಸುವ ದೊಡ್ಡ ಹಂಡೆ. ಅದರ ಮೇಲೆ ಮುಚ್ಚಳ. ಮುಚ್ಚಳದ ಮೇಲೆ ರುಬ್ಬುವ ಗುಂಡುಕಲ್ಲು.

ಬೆಳಿಗ್ಗೆ ನೀರಿನ ಟಾಂಕಿ ನೋಡಲು ಬಂದವಳಿಗೆ ಕಂಡದ್ದು ವೈರುಗಳು ಜೋತುಬಿದ್ದ ಥರ್ಮೋಕೋಲ್ ಪೆಟ್ಟಿಗೆ, ಪಕ್ಕದಲ್ಲಿ ಹರಿದ ರಬ್ಬರು. ಬೊಂಬಾಯಿಯ ಸ್ಫೋಟಗಳ ನಂತರ ಬಸ್ಸಿನಲ್ಲಿ ಯಾರಾದರೂ ಚೀಲ ಮರೆತರೂ ಜನ ಓಡುತ್ತಿದ್ದ ಕಾಲ. ಅವಳು ಓಡಲಿಲ್ಲ. ಕೆಳಗೆ ಹೋಟೆಲಿನಲ್ಲಿ ಅಪ್ಪ ಇದ್ದರು, ಎದ್ದು ಓಡಲಾಗದ ಅಪ್ಪ. ಪೆಟ್ಟಿಗೆಯನ್ನು ಎತ್ತಿ ನೀರಿಗೆ ಮುಳುಗಿಸಿದ್ದಳು. ಹಾಳಾದ್ದು ತೇಲುತ್ತಿತ್ತು… ಅದಕ್ಕೇ ಕಲ್ಲು.

ಅವನು ಕಲ್ಲನ್ನು ಇಳಿಸಿ, ಮುಚ್ಚಳ ತೆಗೆದು, ಪೆಟ್ಟಿಗೆಯನ್ನು ಮೇಲೆತ್ತಿದ. ಸಂದುಸಂದಿನಿಂದ ನೀರು ಸೋರಿತು. ಕೆಲವು ಅಕ್ಕಿ ಕಾಳುಗಳೂ ಬಿದ್ದವು. ಅವನು ಹಾಗೆಯೇ ಮಂಡಿಯೂರಿ ಕುಳಿತುಬಿಟ್ಟ.

“ಅಯ್ಯೋ ದೇವರೇ… ಆಕಾಶಕ್ಕೆ ಹೋಗಿ ಸುರಕ್ಷಿತವಾಗಿ ಬಂತು. ಹಂಡೇಲಿ ಮುಳುಗಿ ಸತ್ತಿತು.”

ಅದು ಅಪ್ಪಟ ಮೈಸೂರಿನ ಕನ್ನಡ. ಊರ್ಮಿಳೆಯ ಕೈಯ ಸೌಟು ಮೆಲ್ಲಗೆ ಕೆಳಗಿಳಿಯಿತು.

“ನೀವು… ಕನ್ನಡದವರಾ?”

ಅವನು ತಲೆಯೆತ್ತಿ ನೋಡಿದ. ಸಿಟ್ಟೂ ಅಳುವೂ ಒಟ್ಟಿಗೆ ಬಂದ ಮುಖ.

“ಈ ಪ್ರಶ್ನೇನ ಮುಳುಗಿಸೋಕೆ ಮುಂಚೆ ಪೆಟ್ಟಿಗೇನ ಕೇಳಬಹುದಿತ್ತು ಕಣ್ರೀ. ಮೇಲೆ ಬರೆದಿದೆ ನೋಡಿ, ಗುಜರಾತೀಲಿ, ಹಿಂದೀಲಿ… ಅಪಾಯ ಇಲ್ಲ ಅಂತ.”

“ಬಾಂಬಿನವರು ಮತ್ತೆ ಎಂತ ಬರೀತಾರೆ? ಅಪಾಯ ಉಂಟು ಅಂತಲಾ?” ಅವಳು ಗದ್ದ ಎತ್ತಿದಳು. “ಕನ್ನಡದಲ್ಲಿ ಬರೆದಿದ್ರೆ ನಂಬ್ತಿದ್ದೆ.”

ಅವನು ನಕ್ಕುಬಿಟ್ಟ. ಅವಳಿಗೂ ನಗು ಬಂತು. ಎಷ್ಟು ದಿನದ ಮೇಲೋ…

*

ಅವನ ಹೆಸರು ಪಟ್ಟಾಭಿರಾಮ. ಅಹ್ಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ತೊಂಬತ್ತೈದರ ಆ ಮಳೆಗಾಲದಲ್ಲಿ ವಡೋದರೆಯ ವಿಶ್ವವಿದ್ಯಾಲಯದ ಮೈದಾನದಲ್ಲಿ ಬಿಡಾರ ಹೂಡಿ, ಸಂಜೆ ಸೂರ್ಯ ಮುಳುಗಿದ ಮೇಲೆ ಮೋಡದೊಳಕ್ಕೆ ಬಲೂನು ಬಿಡುವುದು ಅವನ ಕೆಲಸ. ಮೋಡದಿಂದ ಮೇಲಕ್ಕೆಷ್ಟು ಶಾಖ ಹೋಗುತ್ತದೆ, ಕೆಳಕ್ಕೆಷ್ಟು ಬರುತ್ತದೆ ಎಂದು ಬಲೂನಿಗೆ ಕಟ್ಟಿದ ಪೆಟ್ಟಿಗೆ ಅಳೆದು ರೇಡಿಯೋದಲ್ಲಿ ಹೇಳುತ್ತದೆ. ಬಿಸಿಲು ಬಿದ್ದರೆ ಅದರ ಲೆಕ್ಕ ತಪ್ಪುತ್ತದೆ, ಹಾಗಾಗಿ ಸಂಜೆ. ಕೆಳಗಿನ ಗಾಳಿ ಬಲೂನನ್ನು ಮೂಡಣಕ್ಕೆ ಒಯ್ಯುತ್ತದೆ, ಮೇಲಿನ ಗಾಳಿ ಪಡುವಣಕ್ಕೆ ತರುತ್ತದೆ. ಹೋದದ್ದು ತಿರುಗಿ ಊರಿಗೇ ಬಂದು ಬೀಳುತ್ತದೆ.

ಬಿದ್ದದ್ದು ಸಯಾಜಿಗಂಜಿನಲ್ಲಿದ್ದ ಊರ್ಮಿಳೆಯ ಅಪ್ಪನ ಉಡುಪಿ ಹೋಟೆಲು ‘ಮಾಧವ ಭವನ’ದ ಮೇಲೆ. ದೇವರು ಯಾವ ದಾರಿಯಲ್ಲಿ ಯಾರನ್ನು ಕಳಿಸುತ್ತಾನೋ, ನಮಗೆಲ್ಲಿ ತಿಳಿಯಬೇಕು?

ಮಾರನೆಯ ದಿನದಿಂದ ಅವನ ತಿಂಡಿ ಅಲ್ಲಿಯೇ.

ಊರ್ಮಿಳಾ ಕೂರುತ್ತಿದ್ದುದು ಗಲ್ಲಾದಲ್ಲಿ. ಮೂರು ಕಡೆ ಗಾಜು, ಹಿಂದೆ ಗೋಡೆ, ಮುಂದೆ ಕೈ ತೂರುವಷ್ಟು ಕಿಂಡಿ. ಬೆಳಿಗ್ಗೆ ದೀಪ ಹಚ್ಚಿ ಒಳಗೆ ಸೇರಿದರೆ ಅಂಗಡಿ ಮುಚ್ಚುವವರೆಗೆ ಅದೇ ಅವಳ ಲೋಕ. ಗಾಜಿನ ಹೊರಗೆ ಜನ ಬರುತ್ತಾರೆ, ಹೋಗುತ್ತಾರೆ. ರೈಲು ಹಿಡಿಯುವವರು, ಪರೀಕ್ಷೆಗೆ ಹೋಗುವವರು… ಎಲ್ಲರೂ ಎಲ್ಲಿಗೋ ಹೋಗುವವರೇ. ಅವಳೊಬ್ಬಳನ್ನು ಬಿಟ್ಟು.

ಸೂರತ್ತಿಗೆ ಪ್ಲೇಗ್ ಬಂದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಹೊಡೆದಿತ್ತು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಆಗ ಓಡಿಬಂದವರು ಸೂರತ್ತಿನ ದೊಡ್ಡಪ್ಪ ಚಂದ್ರಶೇಖರ ಭಟ್ಟರು. ಅಲ್ಲಿಯ ಕತಾರ್‌ಗಾಮ್ ಬಡಾವಣೆಯ ತಮ್ಮ ಹೋಟೆಲಿಗೆ ಬೀಗ ಹಾಕಿ, ಇಲ್ಲಿ ನಿಂತು, ತಮ್ಮನ ಮೈಯನ್ನು ಕೈಯಾರೆ ಒರೆಸಿ, ಹೋಟೆಲನ್ನು ಮತ್ತೆ ನಿಲ್ಲಿಸಿ ಹೋಗಿದ್ದರು. ಒಂದು ಬಿರುನುಡಿ ಆಡಿದವರಲ್ಲ. ‘ನೀನು ನನ್ನ ಮಗಳೇ’ ಎನ್ನುತ್ತಿದ್ದರು. ಅಂಥವರ ಮಾತಿಗೆ ಇಲ್ಲ ಎನ್ನುವುದು ಹೇಗೆ?

ಅಪ್ಪ ಮಾಧವ ಭಟ್ಟರು ಬಾಗಿಲ ಬಳಿ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು. ಬಲಗೈ ಸ್ವಾಧೀನವಿಲ್ಲ. ಮಾತೂ ಇಲ್ಲ. ಉಳಿದದ್ದು ಒಂದೇ ಒಂದು: ‘ಆಯ್ತು’. ನೀರು ಬೇಕೆಂದರೂ ಆಯ್ತು, ಬೇಡವೆಂದರೂ ಆಯ್ತು. ತಲೆಯಾಡಿಸಿದರೂ ಹೌದು, ಅಲ್ಲ ಎರಡೂ ಅದಲುಬದಲು.

ಆದರೆ ಸಂಜೆ ದೇವರ ಮುಂದೆ ದೀಪ ಹಚ್ಚಿದಾಗ ಒಂದು ಸೋಜಿಗ ನಡೆಯುತ್ತಿತ್ತು. ಮಾತು ಕಳೆದುಕೊಂಡ ಅದೇ ಬಾಯಿ ರಾಗ ಹಿಡಿದು ಷಟ್ಪದಿ ಹಾಡುತ್ತಿತ್ತು! ಚಿಕ್ಕಂದಿನಿಂದ ಓದಿದ ಪದ್ಯಗಳು ಒಂದಕ್ಷರ ತಪ್ಪದೆ, ಅಡಿಗೆ ಅಡಿ ಜೋಡಿಸಿಕೊಂಡು ಬರುತ್ತಿದ್ದವು. ಮಾತಿನ ದಾರಿ ಬೇರೆ, ಹಾಡಿನ ದಾರಿ ಬೇರೆ ಎಂದಿದ್ದರು ಡಾಕ್ಟರು.

ಒಂದು ಸಂಜೆ ಪಟ್ಟಾಭಿ ಕಾಫಿ ಲೋಟ ಹಿಡಿದು ಅದನ್ನು ಕೇಳಿದ. ಮೂರನೆಯ ಪದ್ಯಕ್ಕೆ ಲೋಟ ಕೆಳಗಿಟ್ಟು ತಾನೂ ದನಿಗೂಡಿಸಿದ. ಅವನು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ್ದ ಪದ್ಯಗಳೇ ಅವು. ಅಪ್ಪನ ಕಣ್ಣು ಅರಳಿತು.

“ಆಯ್ತು… ಆಯ್ತು…” ಎಂದು ಎಡಗೈಯಿಂದ ಅವನ ಬೆನ್ನು ತಟ್ಟಿದರು.

ಗಾಜಿನ ಹಿಂದೆ ಊರ್ಮಿಳೆಯ ಕಣ್ಣು ತುಂಬಿತ್ತು.

“ಪಾಪ, ನಮ್ಮ ಭಟ್ರಿಗೆ ಜೊತೆ ಸಿಕ್ಕಿತು,” ಎಂದ ಸಪ್ಲೈಯರ್ ಗಣೇಶ್, ಟೇಬಲ್ ಒರೆಸುತ್ತ. ಅವನು ಆ ಹೋಟೆಲಿನ ಹಳೆಯ ಹುಲಿ. “ಈ ಬಲೂನಿನವರು ದಿನಾ ಕೂತ್ಕೊಳ್ಳುದು ಗಲ್ಲಾ ಕಾಣುವ ಟೇಬಲಲ್ಲೇ. ಫ್ಯಾನ್ ಇರುದು ಆಚೆ ಟೇಬಲಿಗೆ. ಸೆಕೆ ಆಗುದಿಲ್ವೋ ಏನೋ.”

“ಗಣೇಶಣ್ಣ, ನಿಮಗೆ ಬೇರೆ ಕೆಲಸ ಇಲ್ವಾ?”

“ನಾನು ಸೆಕೆಯ ವಿಚಾರ ಹೇಳಿದ್ದಪ್ಪ.”

*

ಆಕಾಶ ಅಂದು ಬೂದಿ ಬಣ್ಣದ ಹಾಸಾಗಿತ್ತು. ಮಳೆಯಿಲ್ಲ, ಗಾಳಿಯಿಲ್ಲ. ಒಣಹಾಕಿದ ಬಟ್ಟೆ ತೆಗೆಯಲು ಊರ್ಮಿಳಾ ಟೆರೇಸಿಗೆ ಬಂದಿದ್ದಳು. ತನ್ನ ಪೆಟ್ಟಿಗೆಯ ಚೂರೊಂದು ಇಲ್ಲೇ ಉಳಿದಿರಬಹುದೆಂಬ ನೆವ ಹಿಡಿದು ಅವನೂ ಬಂದ.

“ಎಂಥ ಮೋಡ ಇದು,” ಎಂದಳು. “ಕುಕ್ಕರಿಗೆ ಮುಚ್ಚಳ ಹಾಕಿದ ಹಾಗೆ. ಒಳಗೆ ಬೇಯುದು ನಾವು.”

“ಕೆಳಗಿಂದ ನೋಡಿದ್ರೆ ಮುಚ್ಚಳಾನೇ. ಮೇಲಿಂದ ನೋಡಿದ್ರೆ ಬೇರೇನೇ ಕಥೆ.”

“ಎಂತ ಕಥೆ?”

“ಆ ಮೋಡದ ನೆತ್ತಿ ಇದೆಯಲ್ಲ, ಅದು ತನ್ನ ಬಿಸೀನ ಆಕಾಶಕ್ಕೆ ಕೊಡ್ತಾನೇ ಇರುತ್ತೆ. ಹಗಲೂ ರಾತ್ರಿ. ಕೊಟ್ಟೂ ಕೊಟ್ಟೂ ನೆತ್ತಿ ತಣ್ಣಗಾಗುತ್ತೆ. ತಣ್ಣಗಾದ ಗಾಳಿ ಕೆಳಗಿಳಿಯುತ್ತೆ, ಕೆಳಗಿನ ತೇವದ ಗಾಳಿ ಮೇಲೇರುತ್ತೆ. ಹೀಗೆ ಒಳಗೇ ಕದಡ್ತಾ ಇದ್ರೇನೇ ಪದರ ಜೀವಂತ.”

“ಕಾಫಿ ಎತ್ತಿ ಹೊಯ್ದ ಹಾಗೆ?”

“ಹೆಚ್ಚುಕಡಿಮೆ ಹಾಗೇನೇ.” ಅವನು ನಕ್ಕ. “ಕೊಡೋದು ನಿಂತ್ರೆ ಮೋಡದ ಕಥೆ ಮುಗೀತು.”

“ಯಾಕೆ ನಿಲ್ತದೆ?”

ಅವನು ಸ್ವಲ್ಪ ಹೊತ್ತು ಮೇಲೆ ನೋಡಿದ. “ನಾನು ಹುಡುಕ್ತಿರೋದೇ ಅದನ್ನ. ಒಮ್ಮೊಮ್ಮೆ ಬಹಳ ಎತ್ತರದಲ್ಲಿ ಇನ್ನೊಂದು ಮೋಡ ಬಂದು ನಿಲ್ಲುತ್ತೆ. ಮಲ್ಲು ಬಟ್ಟೆ ಥರ ತೆಳು, ಇದೆ ಅಂತಾನೂ ಗೊತ್ತಾಗಲ್ಲ. ಕೆಳಗಿನ ಮೋಡ ಕೊಟ್ಟ ಬಿಸೀನ ಅದು ಹಿಡ್ಕೊಂಡು, ಪಾಪ, ವಾಪಸ್ ಕೊಡುತ್ತೆ. ಕೆಟ್ಟ ಬುದ್ಧಿ ಏನಿಲ್ಲ ಅದಕ್ಕೆ. ಬೆಚ್ಚಗೆ ಹೊದಿಸುತ್ತೆ ಅಷ್ಟೆ. ಆದ್ರೆ ಕೆಳಗಿನದಕ್ಕೆ ಒಳಗಿನದನ್ನ ಹೊರಗೆ ಹಾಕೋ ದಾರೀನೇ ಇಲ್ಲದೆ… ಸದ್ದಿಲ್ಲದೆ ಕರಗಿಹೋಗುತ್ತೆ.”

ಊರ್ಮಿಳೆಯ ಕೈಯ ಬಟ್ಟೆ ಕೈಯಲ್ಲೇ ಉಳಿಯಿತು.

‘ಬೆಚ್ಚಗೆ ಹೊದಿಸುತ್ತದೆ ಅಷ್ಟೆ…’ ಅವಳಿಗೆ ದೊಡ್ಡಪ್ಪನ ಮುಖ ನೆನಪಾಯಿತು. ಯಾಕೆ ನೆನಪಾಯಿತೆಂದು ತನ್ನ ಮೇಲೆಯೇ ಸಿಟ್ಟು ಬಂತು.

“ಊರ್ಮಿಳಾ ಅವರೇ.” ಅವನ ಧ್ವನಿ ಬದಲಾಗಿತ್ತು. “ಇಲ್ಲಿಯ ಕೆಲಸ ನಾಳೆಗೆ ಮುಗೀತು. ಅಹ್ಮದಾಬಾದಿಗೆ ಹೋಗ್ಬೇಕು. ನಿಮ್ಮ ತಂದೆ ಹತ್ರ ಒಂದು ಮಾತು ಕೇಳೋದಿದೆ. ಈಗ ಕೇಳಬಾರದು, ಆಷಾಢ. ಇಂಥ ಮಾತು ಈ ತಿಂಗಳಲ್ಲಿ ಎತ್ತಿದ್ರೆ ನಮ್ಮಜ್ಜಿ ಸ್ವರ್ಗದಿಂದ ಇಳಿದು ಬಂದು ಕಿವಿ ಹಿಂಡ್ತಾರೆ.”

ಅವಳು ಕೈಯ ಬಟ್ಟೆಯನ್ನು ಮಡಚಿದಳು, ಬಿಡಿಸಿ ಮತ್ತೆ ಮಡಚಿದಳು.

“ಆಷಾಢ ಮುಗಿದ ಮೊದಲನೇ ದಿನವೇ ಬರ್ತೀನಿ. ಅಲ್ಲೀತನಕ… ನೀವು ಇಲ್ಲೇ ಇರ್ತೀರಲ್ಲ?”

“ನಾನು ಎಲ್ಲಿಗೆ ಹೋಗ್ಲಿಕ್ಕುಂಟು?” ಎಂದಳು, ಗಲ್ಲಾದ ನೆನಪಾಗಿ. ಆಮೇಲೆ, ಕಣ್ಣು ತಗ್ಗಿಸಿ, “ಆಷಾಢ ಮುಗಿಯಲಿ. ಬನ್ನಿ.”

ಇಬ್ಬರೂ ಒಂದೇ ಮಾತಿಗೆ ಒಪ್ಪಿದ್ದರು. ಇಬ್ಬರ ಮನೆಯ ಗೋಡೆಯ ಮೇಲಿದ್ದ ಪಂಚಾಂಗ ಮಾತ್ರ ಒಂದೇ ಆಗಿರಲಿಲ್ಲ. ಅದು ಇಬ್ಬರಿಗೂ ಹೊಳೆಯಲಿಲ್ಲ.

*

ಊರ್ಮಿಳೆಯಂಥ ಉಡುಪಿಯ ಕಡೆಯವರದು ಸೂರ್ಯನ ಲೆಕ್ಕ. ಮೈಸೂರಿನ ಕಡೆಯವರು ಆಷಾಢ ಎಂದಾಗ ಅವರ ಮನಸ್ಸಿಗೆ ಬರುವುದು ಆಟಿ ತಿಂಗಳು. ಅದು ಮುಗಿಯುವುದು ಆಗಸ್ಟ್ ನಡುವಿನ ಸಿಂಹ ಸಂಕ್ರಮಣಕ್ಕೆ. ಇನ್ನೂ ಬಹಳ ದಿನವಿದೆ ಎಂದು ಊರ್ಮಿಳಾ ನೆಮ್ಮದಿಯಾಗಿದ್ದಳು.

ಹಾಗಾಗಿಯೇ, ದೊಡ್ಡಮ್ಮ ರಮಾಮಣಿಯ ಕಣ್ಣಿನ ಆಪರೇಷನ್ನಿಗೆ ಸೂರತ್ತಿಗೆ ಬಾ ಎಂದು ಫೋನು ಬಂದಾಗ, ಗಣೇಶಣ್ಣನನ್ನು ಗಲ್ಲಾದಲ್ಲಿ ಕೂರಿಸಿ ರೈಲು ಹತ್ತಿದಳು.

ಕತಾರ್‌ಗಾಮಿನ ಮನೆಯ ಕೆಳಗೆ ಹೋಟೆಲು, ಎದುರಿಗೆ ವಜ್ರ ಉಜ್ಜುವವರ ಕಾರ್ಖಾನೆ. ದಿನವಿಡೀ ಚಕ್ರಗಳ ಗುಂಯ್‌ಗುಟ್ಟುವಿಕೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೊಡ್ಡಮ್ಮ ಅವಳ ಕೈ ಬಿಡುತ್ತಿರಲಿಲ್ಲ.

“ಊರ್ಮಿ, ನನ್ನ ಅಣ್ಣನ ಮಗ ಕಶ್ಯಪ್ ಉಂಟಲ್ಲ, ಒಳ್ಳೆ ಹುಡುಗ. ಇಲ್ಲೇ ನಮ್ಮ ಹೋಟೆಲ್ ನೋಡ್ಕೊಳ್ತಾನೆ. ನಿನ್ನ ಅಪ್ಪನನ್ನೂ ಇಲ್ಲಿಗೇ ಕರ್ಕೊಂಡು ಬರುವ. ಎಲ್ಲರೂ ಒಂದೇ ಸೂರಿನ ಕೆಳಗೆ.”

“ದೊಡ್ಡಮ್ಮ, ನಾನು…”

“ನಿನ್ನ ದೊಡ್ಡಪ್ಪನಿಗೆ ಅದೊಂದೇ ಆಸೆ. ಬಾಯಿಬಿಟ್ಟು ಹೇಳುವವರಲ್ಲ. ಆಟಿ ಕಳೆದ ಮೇಲೆ ಮಾತು ಮುಗಿಸುವ.”

ಬಿಸಿ ತುಪ್ಪ… ನುಂಗಲೂ ಆಗದು, ಉಗುಳಲೂ ಆಗದು. ದೊಡ್ಡಪ್ಪ ಬಂದು ತಲೆ ಸವರಿ, “ಊಟ ಮಾಡಿದೆಯಾ ಮಗಾ?” ಎಂದಷ್ಟೇ ಕೇಳಿದರು. ಗದರಿದ್ದರೆ ಎದುರು ಮಾತಾಡುತ್ತಿದ್ದಳೇನೋ. ಆ ಮೃದುವಾದ ಕೈಯ ಕೆಳಗೆ ಅವಳಿಗೆ ಉಸಿರಾಡಲಾಗಲಿಲ್ಲ.

‘ಅವರು ಬರ್ತಾರೆ. ಬಂದು ಕೇಳ್ತಾರೆ. ಆಗ ಅಪ್ಪನ ಎದುರೇ ನಾನೂ ಹೇಳ್ತೇನೆ…’

ಆ ಒಂದು ಎಳೆ ಹಿಡಿದು ವಡೋದರೆಗೆ ಮರಳಿದಳು.

ಸಂಕ್ರಮಣದ ದಿನ ತಲೆಗೆ ಸ್ನಾನ ಮಾಡಿ, ಅಮ್ಮನ ಹಸಿರು ಸೀರೆ ಉಟ್ಟು ಗಲ್ಲಾದಲ್ಲಿ ಕೂತಳು. ಗಾಜಿನ ಬಾಗಿಲು ಪ್ರತಿ ಸಲ ತೆರೆದಾಗಲೂ ಕತ್ತು ಎತ್ತಿದಳು. ರೈಲು ಹಿಡಿಯುವವರು ಬಂದರು, ಪರೀಕ್ಷೆಗೆ ಹೋಗುವವರು ಬಂದರು. ಅವನು ಬರಲಿಲ್ಲ.

ಮರುದಿನವೂ ಇಲ್ಲ. ಅದರ ಮರುದಿನವೂ.

ಒಮ್ಮೆ ಎಸ್‌ಟಿಡಿ ಬೂತಿಗೆ ಹೋಗಿ ಅವನ ಸಂಸ್ಥೆಯ ನಂಬರು ತಿರುಗಿಸಿದಳು. ಆಚೆ ಗಂಟೆ ಮೊಳಗಿತು. ‘ಕೇಳಬೇಕಾದವರು ಅವರು. ಅವರಿಗೇ ಮರೆತಿದ್ದರೆ ನಾನು ನೆನಪಿಸುವುದಾ?’ ರಿಸೀವರ್ ಇಟ್ಟುಬಿಟ್ಟಳು.

ಸೂರತ್ತಿನಿಂದ ಫೋನು ಬಂದಾಗ ಅವಳ ಬಾಯಿಂದ ಹೊರಟದ್ದು ಒಂದೇ ಮಾತು. “ನಿಮ್ಮ ಇಷ್ಟ, ದೊಡ್ಡಪ್ಪ.”

ಅಪ್ಪ ಕುರ್ಚಿಯಿಂದ ಅವಳನ್ನೇ ನೋಡುತ್ತಿದ್ದರು. “ಆಯ್ತು,” ಎಂದರು. “ಆಯ್ತು, ಆಯ್ತು…” ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿದರು.

“ಹೌದಪ್ಪ, ಆಯ್ತು,” ಎಂದಳು ಅವಳು. ಹೋಗಿ ಗಾಜಿನ ಹಿಂದೆ ಕೂತಳು. ಒಳಗೆ ಏನೋ ಕದಡುವುದು ನಿಂತುಹೋಗಿತ್ತು.

*

ನಿಶ್ಚಿತಾರ್ಥಕ್ಕೆ ಕರೆದೊಯ್ಯಲು ದೊಡ್ಡಪ್ಪ ಬಂದ ಸಂಜೆ, ದೇವರ ಮುಂದೆ ದೀಪ ಹಚ್ಚಿ ಎಲ್ಲರೂ ಕೂತಿದ್ದರು. ಅಪ್ಪ ರಾಗ ಎತ್ತಿದರು.

ಈಚೆಗೆ ದಿನವೂ ಹಾಡುತ್ತಿದ್ದ ಅದೇ ಸಂಧಿ. ದೊರೆಯ ದೂತನೊಬ್ಬ ಬಹುದೂರದಿಂದ ಬಂದು, ಬರಿದಾದ ಮನೆಯನ್ನು ಕಂಡು, ಹೊಸ್ತಿಲಲ್ಲಿ ಒಂದು ಕುರುಹನ್ನಿಟ್ಟು ಮರಳಿ ಹೋಗುವ ಭಾಗ.

“ಮಾಧವ, ಎಷ್ಟು ಸಲ ಅದನ್ನೇ ಹೇಳ್ತಿ?” ಎಂದರು ದೊಡ್ಡಪ್ಪ ನಗುತ್ತ. “ಶುಭಕಾರ್ಯದ ಮುನ್ನಾದಿನ. ಮದುವೆಯ ಪದ್ಯ ಹೇಳು.”

“ಭಟ್ರು ಈಗ ದಿನಾ ಅದೇ,” ಎಂದ ಗಣೇಶ್. “ಊರ್ಮಿಳಕ್ಕ ಸೂರತ್ತಿನಿಂದ ಬಂದ ಲಾಗಾಯ್ತು ಬೇರೆ ಪದ್ಯವೇ ಇಲ್ಲ.”

ಅಪ್ಪ ನಿಲ್ಲಿಸಲಿಲ್ಲ. ಇನ್ನೂ ಎತ್ತರದಲ್ಲಿ ಹಾಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು. ದೂತ ಮರಳುವ ಅಡಿಗೆ ಬಂದಾಗ ಮತ್ತೆ ಮೊದಲಿಂದ… ಮತ್ತೆ ಮೊದಲಿಂದ.

ಊರ್ಮಿಳಾ ಈಗ ಪದಪದಕ್ಕೂ ಕಿವಿಗೊಟ್ಟಳು. ಪದ್ಯವನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಕೇಳುವುದನ್ನೇ ಮರೆತಿದ್ದಳು.

ಅವಳು ಅಪ್ಪನ ಕಾಲ ಬಳಿ ಕುಸಿದು ಕೂತಳು.

“ಅಪ್ಪಾ… ನಾನು ಇಲ್ಲದಾಗ ಯಾರಾದ್ರೂ ಬಂದಿದ್ರಾ?”

ಹಾಡು ನಿಂತಿತು. ಅಪ್ಪನ ಎಡಗೈ ಮೆಲ್ಲಗೆ ಮೇಲೆದ್ದು ಅಡುಗೆಮನೆಯ ಅಟ್ಟದ ಕಡೆ ತೋರಿಸಿತು.

“ಅಲ್ಲಿ ಎಂತ ಉಂಟು, ಗಣೇಶಣ್ಣ?”

“ಅಲ್ಲಿಯಾ? ಎಂತ ಇಲ್ಲ. ಐಸ್ ಹಾಕಿಡ್ಲಿಕ್ಕೆ ಒಂದು ಥರ್ಮೋಕೋಲ್ ಪೆಟ್ಟಿಗೆ. ಭಟ್ರ ಕುರ್ಚಿ ಹತ್ರ ಯಾರೋ ಬಿಟ್ಟು ಹೋಗಿದ್ರು. ವೈರ್ ಎಂತ ಇರಲಿಲ್ಲ, ಒಳ್ಳೆ ಗಟ್ಟಿ ಉಂಟು ಅಂತ ನಾನೇ ಎತ್ತಿಟ್ಟದ್ದು.”

“ಇಳಿಸಿ.”

ಹೊಸ ಪೆಟ್ಟಿಗೆ. ಒಂದು ಬದಿಗೆ ಗುಜರಾತಿ, ಒಂದು ಬದಿಗೆ ಹಿಂದಿ. ಅವಳು ಅದನ್ನು ತಿರುಗಿಸಿದಳು. ಗೋಡೆಗೆ ತಾಗಿಸಿಟ್ಟಿದ್ದ ಬದಿಯಲ್ಲಿ ದುಂಡಗಿನ ಕನ್ನಡ ಅಕ್ಷರ.

‘ಇದು ಬಾಂಬ್ ಅಲ್ಲ. ದಯವಿಟ್ಟು ಅಕ್ಕಿಯ ಹಂಡೆಯಲ್ಲಿ ಮುಳುಗಿಸಬೇಡಿ.’

ಅಕ್ಷರಗಳು ಕಣ್ಣೆದುರು ಕಲಸಿಹೋದವು.

“ಇದು ಯಾವತ್ತು ಬಂದದ್ದು?”

“ಆಟಿ ಅಮಾವಾಸ್ಯೆಗೆ ಹೋಟೆಲ್ ತೊಳೆದಿದ್ದೆವು, ಅದರ ಮರುದಿನ. ನಾನು ಮಾರ್ಕೆಟಿಗೆ ಹೋಗಿದ್ದೆ. ಬರುವಾಗ ಪಕ್ಕದ ಪಾನಿನಂಗಡಿಯವ ಹೇಳಿದ, ಯಾರೋ ಊರ್ಮಿಳಾಬೆನ್ ಎಲ್ಲಿ ಅಂತ ಕೇಳಿದ್ರು, ಸೂರತ್ ಗಯಾ, ಸಗಾಈ ಛೇ ಅಂತ ಹೇಳಿ ಕಳಿಸಿದೆ ಅಂತ. ಯಾರೋ ಗಿರಾಕಿ ಅಂದ್ಕೊಂಡೆ…” ಗಣೇಶನ ಮಾತು ಅಲ್ಲಿಗೇ ನಿಂತಿತು.

ಸಗಾಈ. ನಿಶ್ಚಿತಾರ್ಥ. ಯಾರ ಬಾಯಲ್ಲೋ ಹುಟ್ಟಿದ ಬೀದಿಯ ಸುದ್ದಿ.

ಅಮಾವಾಸ್ಯೆಯ ಮರುದಿನ… ಶ್ರಾವಣದ ಪಾಡ್ಯ. ಚಂದ್ರನ ಲೆಕ್ಕದಲ್ಲಿ ಆಷಾಢ ಮುಗಿದ ಮೊದಲನೆಯ ದಿನ!

‘ಅವರು ಬಂದಿದ್ದರು. ಹೇಳಿದ ದಿನವೇ ಬಂದಿದ್ದರು. ನಮ್ಮ ಆಟಿ ಇನ್ನೂ ನಡೆದಿತ್ತು…’

“ಅಪ್ಪಾ, ಅವರು ನಿಮ್ಮನ್ನು ಕೇಳಿದ್ರಾ? ನಿಶ್ಚಯ ಆಯ್ತಾ ಅಂತ?”

ಅಪ್ಪ ಬಾಯಿ ತೆರೆದರು. ಅಂದು ಹೇಳಬೇಕಿದ್ದ ಇಲ್ಲ ಎಂಬುದನ್ನು ಈಗಲಾದರೂ ಹೇಳಲು ಹೆಣಗಿದರು. ಬಂದದ್ದು ಅದೊಂದೇ.

“ಆಯ್ತು…”

ಅಷ್ಟು ಹೇಳಿ ಅವರು ಬಿಕ್ಕಿದರು. ಇಲ್ಲವೆನ್ನಬೇಕಾದಲ್ಲಿ ಆಯ್ತು ಎಂದ ಬಾಯಿ, ಅಂದಿನಿಂದ ಪ್ರತಿ ಸಂಜೆ ತನಗೆ ಗೊತ್ತಿದ್ದ ಒಂದೇ ದಾರಿಯಿಂದ ಸತ್ಯವನ್ನು ಹೊರಗೆ ಹಾಕಲು ಒದ್ದಾಡಿತ್ತು. ಊರ್ಮಿಳಾ ಅಪ್ಪನ ಮಡಿಲಲ್ಲಿ ಮುಖವಿಟ್ಟಳು. ಗಾಜಿನ ಒಳಗೆ ಸಿಕ್ಕಿಬಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ…

“ಎಂತ ಇದು? ಯಾರು ಬಂದದ್ದು?” ದೊಡ್ಡಪ್ಪ ಪೆಟ್ಟಿಗೆಯನ್ನೂ ಅವಳನ್ನೂ ನೋಡುತ್ತಿದ್ದರು.

ಈಗ ಹೇಳದಿದ್ದರೆ ಎಂದೂ ಇಲ್ಲ.

“ದೊಡ್ಡಪ್ಪ, ನನಗೆ ಕಶ್ಯಪ್‌ನನ್ನು ಮದುವೆಯಾಗ್ಲಿಕ್ಕೆ ಮನಸ್ಸಿಲ್ಲ.”

ದೊಡ್ಡಪ್ಪ ಅವಳತ್ತ ತಿರುಗಿ ಕೂತರು.

“ಮತ್ತೆ ಆವತ್ತು ಫೋನಲ್ಲಿ, ನಿಮ್ಮ ಇಷ್ಟ ಅಂದದ್ದು?”

“ನಿಮ್ಮ ಇಷ್ಟ ಅಂದೆ. ನನ್ನದು ಅನ್ನಲಿಲ್ಲ.” ಅವಳು ನಿಲ್ಲಿಸಲಿಲ್ಲ. “ನೀವು ನಮಗೆ ಹೊದಿಕೆಯ ಹಾಗೆ ನಿಂತಿರಿ. ನೀವಿಲ್ಲದಿದ್ರೆ ಅಪ್ಪ ಇವತ್ತು ಇರ್ತಿರಲಿಲ್ಲ. ಅದಕ್ಕೇ ನಿಮ್ಮೆದುರು ನನ್ನ ಬಾಯಿ ಕಟ್ತದೆ. ಒಳಗಿನದ್ದು ಹೊರಗೆ ಹಾಕ್ಲಿಕ್ಕೆ ದಾರಿ ಇಲ್ಲದಿದ್ರೆ ಮೋಡ ಸಹ ಕರಗಿಹೋಗ್ತದಂತೆ, ದೊಡ್ಡಪ್ಪ. ಮೇಲಿನ ಪದರದ್ದು ತಪ್ಪಿಲ್ಲ. ಅದು ಬೆಚ್ಚಗಿಡ್ಲಿಕ್ಕೇ ನೋಡುದು. ಆದ್ರೆ ನಾನು ಕರಗಿಹೋಗ್ತಾ ಇದ್ದೇನೆ…”

ದೊಡ್ಡಪ್ಪ ತಮ್ಮನ ಮುಖ ನೋಡಿದರು. ಪೆಟ್ಟಿಗೆಯ ಮೇಲಿನ ಅಕ್ಷರ ಓದಿದರು. ಇನ್ನೊಮ್ಮೆ ಓದಿದರು.

“ನಾನು ಮೋಡವಾ ಈಗ?”

“ದೊಡ್ಡಪ್ಪ…”

“ಮಾತು ಕೊಟ್ಟಾಗಿದೆ. ರಮಾಮಣಿಯ ಅಣ್ಣನಿಗೆ ಮುಖ ತೋರಿಸುದು ಹೇಗೆ ನಾನು?” ಕಟುವಾಗಿ ಹೇಳಲು ಹೋದರು. ಧ್ವನಿ ಕೈಕೊಟ್ಟಿತು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. “ಒಂದು ಮಾತು ಮೊದಲೇ ಹೇಳ್ಬಾರದಿತ್ತಾ, ಮಗಾ? ನಾನು ಹುಲಿಯಾ?”

“ಹುಲಿಯಾಗಿದ್ರೆ ಹೇಳ್ತಿದ್ದೆ.”

ಗಣೇಶ್ ಮುಖ ಆಚೆ ತಿರುಗಿಸಿದ. ದೊಡ್ಡಪ್ಪನ ತುಟಿಯ ಅಂಚು ಸ್ವಲ್ಪ ಸಡಿಲವಾಯಿತು.

“ಹು… ಆ ಹುಡುಗ ಎಲ್ಲಿ ಇರುದು?”

“ಅಹ್ಮದಾಬಾದಲ್ಲಿ. ಮೈಸೂರಿನವರು. ಅವರ ಆಷಾಢ ಮುಗಿದ ದಿನವೇ ಬಂದು ಹೋಗಿದ್ದಾರೆ.”

“ಹೆಣ್ಣಿನ ಕಡೆಯವರು ನಾವೇ ಹೋಗಿ ಕೇಳುದು ಎಲ್ಲಾದ್ರೂ ಉಂಟಾ?” ತಮಗೆ ತಾವೇ ಕೇಳಿಕೊಂಡಂತೆ ಕೇಳಿದರು. ಮತ್ತೆ ಎದ್ದು, ಗೋಡೆಯ ಪಂಚಾಂಗದ ಮುಂದೆ ನಿಂತು, ಕನ್ನಡಕ ಏರಿಸಿದರು. “ಆಟಿ ಮುಗಿದಾಗಿದೆ. ಅವರ ಆಷಾಢವೂ ಮುಗಿದಿದೆ. ದೋಷ ಎಂತದ್ದೂ ಇಲ್ಲ. ನಾಳೆ ಹೊರಡುವ. ಸೂರತ್ತಿನದ್ದು ನಾನು ನೋಡ್ಕೊಳ್ತೇನೆ.”

“ಆಯ್ತು,” ಎಂದರು ಅಪ್ಪ.

ಈ ಸಲ ಅದು ಸರಿಯಾದ ಜಾಗಕ್ಕೇ ಬಂದು ಬಿದ್ದಿತ್ತು.

*

ಅಹ್ಮದಾಬಾದಿನ ಸಂಸ್ಥೆಯ ಹಿಂದಿನ ಮೈದಾನದಲ್ಲಿ ಮುಸ್ಸಂಜೆಯ ಬೆಳಕು. ಆಕಾಶದ ತುಂಬ ಬೂದು ಪದರ. ದೊಡ್ಡಪ್ಪ ಗೇಟಿನ ಬಳಿಯೇ ನಿಂತು, ವಾಚ್‌ಮನ್ ಜೊತೆ ಚಹಾದ ವಿಚಾರ ತೆಗೆದುಬಿಟ್ಟಿದ್ದರು. “ನೀನೇ ಹೋಗಿ ಮಾತಾಡು. ಪೆಟ್ಟಿಗೆ ಮುಳುಗಿಸಿದವಳು ನೀನಲ್ವಾ?”

ಪಟ್ಟಾಭಿರಾಮ ಬಲೂನಿನ ಕತ್ತಿಗೆ ದಾರ ಬಿಗಿಯುತ್ತಿದ್ದ. ಸೊರಗಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದವನ ಕೈ ಹಾಗೆಯೇ ನಿಂತಿತು.

“ನೀವು…”

“ಈ ಪೆಟ್ಟಿಗೆ ನಿಮ್ಮದಾ?” ಅವಳು ಎದೆಗವಚಿಕೊಂಡಿದ್ದ ಥರ್ಮೋಕೋಲನ್ನು ಮುಂದೆ ಹಿಡಿದಳು. “ನಮ್ಮ ಅಟ್ಟದಲ್ಲಿ ಸಿಕ್ಕಿತು. ಮುಳುಗಿಸಲಿಲ್ಲ.”

ಅವನು ಪೆಟ್ಟಿಗೆ ನೋಡಲಿಲ್ಲ. ಅವಳ ಕೈಬೆರಳು ನೋಡಿದ. ಉಂಗುರವಿರಲಿಲ್ಲ.

“ನಿಶ್ಚಿತಾರ್ಥ…”

“ಆಗಲಿಲ್ಲ. ಪಾನಿನಂಗಡಿಯವನಿಗೆ ಬಾಯಿ ಜಾಸ್ತಿ. ಅಪ್ಪನಿಗೆ ಒಂದೇ ಮಾತು ಅಂತ ನಿಮಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು. ಆದ್ರೆ ಆಯ್ತು ಅಂದು ಅತ್ತುಬಿಟ್ರು. ನನಗಾಗಿ ಮರುಗ್ತಿದ್ದಾರೆ ಅಂದ್ಕೊಂಡೆ.” ಅವನು ಕೈಯ ದಾರವನ್ನು ಬೆರಳಿಗೆ ಸುತ್ತಿದ. “ಇಲ್ಲೇ ಇರ್ತೀನಿ ಅಂದಿದ್ರಿ. ಆಷಾಢ ಮುಗಿದ ದಿನವೇ ಬಂದೆ. ನೀವಿರಲಿಲ್ಲ.”

“ನಾನೂ ಆಷಾಢ ಮುಗಿದ ದಿನವೇ ಕಾದೆ. ಹಸಿರು ಸೀರೆ ಉಟ್ಟು. ನೀವು ಬರಲಿಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು, ಸೂರ್ಯನ ತಿಂಗಳು, ಚಂದ್ರನ ತಿಂಗಳು, ನಡುವೆ ಸಿಕ್ಕಿಬಿದ್ದ ತಾವಿಬ್ಬರು. ಕೇಳುತ್ತ ಕೇಳುತ್ತ ಅವನು ನೆಲಕ್ಕೇ ಕೂತ, ಅಂದು ಹಂಡೆಯ ಪಕ್ಕ ಕೂತ ಹಾಗೆ.

“ಆಕಾಶ ಓದೋನು ನಾನು… ಗೋಡೆ ಮೇಲಿನ ಪಂಚಾಂಗ ಓದಲಿಲ್ಲ.”

“ಅದು ನನಗೂ ಹೊಳೀಲಿಲ್ಲ.” ಅವಳೂ ಎದುರಿಗೆ ಕೂತಳು. ಇಷ್ಟು ದಿನ ಗಾಜಿನ ಹಿಂದೆ ಇಟ್ಟುಕೊಂಡದ್ದು ತಾನಾಗಿಯೇ ಹೊರಗೆ ಬಂತು. “ನೀವು ಕೇಳಬೇಕಿದ್ದ ಮಾತಿಗೆ ಉತ್ತರ ನಾನೇ ತಂದಿದ್ದೇನೆ. ನನಗೆ ನೀವು ಬೇಕು. ನಿಮ್ಮ ಮೋಡ, ನಿಮ್ಮ ಪೆಟ್ಟಿಗೆ, ಎಲ್ಲ ಸಮೇತ. ಅಪ್ಪನೂ ನನ್ನ ಜೊತೆಗೇ ಬರ್ತಾರೆ.”

“ಅವರಿಲ್ಲದೆ ನನಗೆ ಪದ್ಯ ಹೇಳೋರು ಯಾರು?” ಎಂದ ಅವನು. ಕಣ್ಣಲ್ಲಿ ನೀರಿತ್ತು. “ಗಲ್ಲಾ?”

“ಗಣೇಶಣ್ಣ ಕೂರ್ತಾರೆ. ಅವರಿಗೆ ಅಲ್ಲಿಂದ ಎಲ್ಲರ ಸುದ್ದಿ ಕಾಣ್ತದೆ.”

ದೂರದಿಂದ ಜೊತೆಯವರು ಕೂಗಿದರು. ಹೊತ್ತಾಗಿತ್ತು. ಅವನು ಎದ್ದು ಬಲೂನಿನ ದಾರವನ್ನು ಅವಳ ಕೈಗಿಟ್ಟ. ಇಬ್ಬರ ಬೆರಳೂ ಒಂದೇ ದಾರದ ಮೇಲೆ.

“ಬಿಡಿ,” ಎಂದ ಮೆಲ್ಲಗೆ.

ಬಿಟ್ಟಳು. ಬಿಳಿಯ ಬಲೂನು ಏರಿತು, ಚಿಕ್ಕದಾಯಿತು, ಬೂದು ಪದರದೊಳಗೆ ಸೇರಿ ಮರೆಯಾಯಿತು.

“ಮೇಲೆ ಆ ತೆಳು ಪದರ ಉಂಟಾ ಇವತ್ತು?”

“ಮಧ್ಯಾಹ್ನದವರೆಗೂ ಇತ್ತು. ಈಗ ಸರಿದಿದೆ.”

ಅವಳು ಗೇಟಿನ ಕಡೆ ನೋಡಿದಳು. ದೊಡ್ಡಪ್ಪ ಚಹಾದ ಲೋಟ ಹಿಡಿದು, ಇತ್ತ ನೋಡದಂತೆ ನಟಿಸುತ್ತ, ಇತ್ತಲೇ ನೋಡುತ್ತಿದ್ದರು.

“ಊರ್ಮಿಳಾ.” ಅವನು ಮೊದಲ ಸಲ ಬರಿಯ ಹೆಸರು ಹಿಡಿದು ಕರೆದ. “ನಮ್ಮ ಮನೇಲಿ ಯಾವ ಪಂಚಾಂಗ ತೂಗುಹಾಕೋದು?”

“ಎರಡೂ.”

“ಎರಡು ಆಷಾಢ ಆಗುತ್ತಲ್ಲ.”

“ಆಗಲಿ,” ಎಂದಳು ಅವಳು, ಅವನ ಬೆವತ ಕೈಯನ್ನು ತನ್ನ ಸೆರಗಿನಲ್ಲಿ ಒರೆಸುತ್ತ. “ಎರಡರಲ್ಲೂ ಮನೆ ಬಿಟ್ಟು ಎಲ್ಲಿಗೂ ಹೋಗುದಿಲ್ಲ ನಾನು. ನೀವು ಯಾವ ದಿನ ಬಂದ್ರೂ ಬಾಗಿಲಲ್ಲಿ ಇರ್ತೇನೆ.”